ಸಾಕಿದ ನಾಯಿಗೆ ಯಾರು ಹೊಣೆ?

ಸದಸ್ಯ ಕುಟುಂಬಗಳ ಮಕ್ಕಳು ಈಚೆಗೆ ನಮ್ಮನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಮಾತು: “ನಾವೂ ಒಂದು ಪುಟ್ಟ ನಾಯಿ ಸಾಕಬಹುದಾ?” 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡ ಮೇಲಂತೂ ಈ ಬೇಡಿಕೆ ಹೆಚ್ಚಿದೆ. ಅಲ್ ಖೌದ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದು ಪಗ್ ಇರುವುದೂ ಇದಕ್ಕೆ ಕಾರಣ. ನಾಲ್ಕು ವರ್ಷಗಳ ಹಿಂದೆ ಊರಿಗೆ ಮರಳಿದ ಕುಟುಂಬವೊಂದು ನಮ್ಮ ಕೈಗೊಪ್ಪಿಸಿ ಹೋದ ಜೀವ ಅದು. ಹೆಸರು ಗುಂಡ, ಹೆಸರಿಗೆ ತಕ್ಕ ಮೈ. ಮಕ್ಕಳಿಗೆ ಉತ್ತರ ಹೇಳುವ ಮೊದಲು ದೊಡ್ಡವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ವೀಸಾದ ಮೇಲೆ ಬದುಕುವ ನಾವು, ನಮ್ಮನ್ನೇ ನಂಬಿ ಬದುಕುವ ಜೀವವೊಂದನ್ನು ಮನೆಗೆ ತಂದುಕೊಳ್ಳುವುದು ಸರಿಯೇ?

ಊರಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಅಲ್ಲಿ ನಾಯಿ ಜಗಲಿಯಲ್ಲಿ ಮಲಗಿ, ಉಳಿದ ಅನ್ನ ತಿಂದು, ಕೇರಿಯೆಲ್ಲ ಸುತ್ತಿ ಬರುತ್ತಿತ್ತು. ಮನೆಯವರು ನಾಲ್ಕು ದಿನ ಮದುವೆಗೆ ಹೋದರೆ ಪಕ್ಕದ ಮನೆಯ ಅಂಗಳವಿತ್ತು. ಪಗ್‌ನ ಕಥೆ ಬೇರೆ. ಚೀನಾದ ಅರಮನೆಗಳಲ್ಲಿ ಜೊತೆಗಿರಲೆಂದೇ ಮನುಷ್ಯರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ ಅದು. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಬೆನ್ನು ಬಿಡದೆ ನಡೆದಿದ್ದೇ ತಡ, ನಮ್ಮ ದೇಶದಲ್ಲೂ ಎಲ್ಲರಿಗೂ ಬೇಕಾಯಿತು. ಚಪ್ಪಟೆ ಮೂತಿ ನೋಡಲು ಮುದ್ದು. ಅದರ ಬೆಲೆ ತೆರುವುದು ಮಾತ್ರ ನಾಯಿ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವಾಗ ಮೂಗು, ಬಾಯಿ, ನಾಲಿಗೆಯ ತೇವ ಆರಿ ಮೈ ತಂಪಾಗಬೇಕು. ಪಗ್‌ನ ಮೂಗಿನ ಹಾದಿಯೇ ಮೋಟು, ಇಕ್ಕಟ್ಟು. ಸಾಲದ್ದಕ್ಕೆ ಮಸ್ಕತ್ ಕರಾವಳಿಯ ಬೇಸಿಗೆಯ ಗಾಳಿ ಜಿಗುಟಾಗಿದ್ದು, ತೇವ ಬೇಗ ಆರುವುದೂ ಇಲ್ಲ. ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆಯಷ್ಟೆ. ಗುಂಡನಿಗೆ ಆ ನಿಯಮ ಬೆಳಿಗ್ಗೆ ಏಳಕ್ಕೇ ಜಾರಿಗೆ ಬರುತ್ತದೆ. ನಸುಕಿನಲ್ಲಿ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಹೊರಗೆ. ಆಗಲೂ ಮೊದಲು ಮುಂಗೈಯನ್ನು ಡಾಂಬರಿಗೆ ಒತ್ತಿ ಏಳು ಎಣಿಸುತ್ತೇವೆ. ನಮ್ಮ ಕೈ ತಾಳದಿದ್ದರೆ ಅದರ ಪಾದವೂ ತಾಳದು. ಮನೆಯಲ್ಲಿ ಯಾರೂ ಇಲ್ಲದಾಗಲೂ ಏಸಿ ಓಡುತ್ತಿರಬೇಕು. ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಬೇಕು. ಮೈ ಬೆಳೆದಷ್ಟೂ ಉಸಿರು ಕಷ್ಟ, ಆದ್ದರಿಂದ ಊಟ ಅಳತೆಯದು. ಈರುಳ್ಳಿ, ಚಾಕೊಲೇಟು, ಒಣದ್ರಾಕ್ಷಿ ಹಾಕಿದ ಲಾಡು ನಾಯಿಗೆ ವಿಷ (ಹಬ್ಬಕ್ಕೆ ಬರುವ ಅತಿಥಿಗಳು ದಯವಿಟ್ಟು ಗಮನಿಸಬೇಕು!).

ಇಷ್ಟೆಲ್ಲ ಮಾಡಲು ಪ್ರೀತಿಯೊಂದಿದ್ದರೆ ಸಾಕು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಪ್ರೀತಿ ಬರುವುದು ಸುಲಭ, ಒಂದು ವಾರದಲ್ಲಿ ಬಂದುಬಿಡುತ್ತದೆ. ಕೆಲಸ ಹೋದ ದಿನ, ವೀಸಾ ಮುಗಿದ ದಿನ ಏನು ಮಾಡುತ್ತೇವೆ ಎನ್ನುವುದು ನಿಜವಾದ ಪರೀಕ್ಷೆ. ಹೊರಡುವವರು ಸೋಫಾ, ಫ್ರಿಜ್ಜುಗಳನ್ನು ಮಾರುವಂತೆ ನಾಯಿಯನ್ನೂ ಯಾರಿಗಾದರೂ ದಾಟಿಸುವುದು, ಅದೂ ಆಗದಿದ್ದರೆ ಬೀದಿಗೆ ಬಿಡುವುದು ಗಲ್ಫ್ ದೇಶಗಳಲ್ಲಿ ಹೊಸದೇನಲ್ಲ. ಊರಿನ ಕಂತ್ರಿ ನಾಯಿಯಾದರೆ ಹೇಗೋ ಬದುಕೀತು. ಪಗ್ ಇಲ್ಲಿನ ಜುಲೈ ತಿಂಗಳನ್ನು ಬೀದಿಯಲ್ಲಿ ದಾಟಲಾರದು.

ಮಹಾಪ್ರಸ್ಥಾನದಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲು ಒಪ್ಪಲಿಲ್ಲವೆಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಇಲ್ಲಿನ ನೆರೆಯವರಿಗೂ, ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನ ಪಾಪವನ್ನು ದೇವರು ಮನ್ನಿಸಿದನೆಂಬ ಹದೀಸಿನ ಕಥೆ ಗೊತ್ತು. ಲಿಫ್ಟಿನಲ್ಲಿ ಗುಂಡನನ್ನು ಕಂಡರೆ ನಮಾಜಿನ ಬಟ್ಟೆ ಸೋಕೀತೆಂದು ಸರಿದು ನಿಲ್ಲುವ ಹಿರಿಯರೊಬ್ಬರು, ಅದಕ್ಕೆ ನೀರು ಕುಡಿಸಿದಿರಾ ಎಂದು ವಿಚಾರಿಸುವುದನ್ನು ಮರೆಯುವುದಿಲ್ಲ. ಈಗ ನಾವು ಮೆಟ್ಟಿಲಲ್ಲೇ ಇಳಿಯುತ್ತೇವೆ. ಆದರೆ ಧರ್ಮರಾಯನ ನಾಯಿ ತಾನಾಗಿ ಹಿಂಬಾಲಿಸಿ ಬಂದದ್ದು, ಯಾರೂ ಕೊಂಡು ತಂದದ್ದಲ್ಲ. ತಾನಾಗಿ ಬಂದದ್ದರ ಋಣವೇ ಅಷ್ಟಿದ್ದರೆ, ದುಡ್ಡು ಕೊಟ್ಟು ತಂದದ್ದರ ಋಣ ಎಷ್ಟಿರಬೇಕು?

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಈ ಸೆಖೆಯ ನಾಡಿಗೆ ಚಪ್ಪಟೆ ಮೂತಿಯ ಮರಿಯನ್ನು ಕೊಂಡು ತರುವುದು ಸರಿಯಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2019ರಿಂದ ತೀರಾ ಮೋಟು ಮೂತಿಯ ನಾಯಿಗಳಿಂದ ಮರಿ ಹಾಕಿಸುವುದಕ್ಕೇ ತಡೆ ಇದೆ. ಬಿಟ್ಟುಹೋದವರ ನಾಯಿಗೆ ಮನೆ ಕೊಡುವ ಮಾತು ಬೇರೆ. ಅದು ಹೇಗೂ ಹುಟ್ಟಿಯಾಗಿದೆ. ಆದರೆ ಅದಕ್ಕೂ ವಾಪಸು ಪ್ರಯಾಣದ ಹಣವನ್ನು ಮೊದಲ ದಿನದಿಂದಲೇ ತೆಗೆದಿಡಬೇಕು.

ಪ್ರಯಾಣ ಸುಲಭವೂ ಅಲ್ಲ. ಎರಡು ವರ್ಷ ಹೊರಗಿದ್ದು, ವಾಸವನ್ನೇ ಬದಲಿಸಿ ಭಾರತಕ್ಕೆ ಮರಳುವವರಿಗೆ ಮಾತ್ರ ಸಾಮಾನಿನೊಂದಿಗೆ ಎರಡು ಸಾಕುಪ್ರಾಣಿಗಳವರೆಗೆ ತರಲು ಅವಕಾಶ. ರೇಬಿಸ್ ಚುಚ್ಚುಮದ್ದು, ಆರೋಗ್ಯ ಪತ್ರ, ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಎಲ್ಲವೂ ಬೇಕು. ಉಸಿರಿನ ಅಪಾಯದಿಂದ ಹಲವು ವಿಮಾನ ಕಂಪನಿಗಳು ಪಗ್‌ಗಳನ್ನು ಒಯ್ಯುವುದೇ ಇಲ್ಲ, ಕೆಲವು ಬೇಸಿಗೆಯಲ್ಲಿ ಒಯ್ಯುವುದಿಲ್ಲ. ಇಲ್ಲಿನ ಇಂಡಿಯನ್ ಶಾಲೆಗಳ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ, ಬಿಸಿಲೇರುವ ಮುನ್ನ. ನಾವು ಹೊರಡುವುದಾದರೆ ಆಗಲೇ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಗುಂಡನ ಲಸಿಕೆ ಪುಸ್ತಕ ಮಕ್ಕಳ ಪಾಸ್‌ಪೋರ್ಟುಗಳಿರುವ ಫೈಲಿನಲ್ಲೇ ಇದೆ.