ಅಜ್ಜನ ಊರು ಯಾವ ಜಿಲ್ಲೆಯಲ್ಲಿತ್ತು?

ತಾಂಡೂರಿನಲ್ಲಿ 1940ರಲ್ಲಿ ಹುಟ್ಟಿ, ಊರು ಬಿಟ್ಟು ಕದಲದೆ ಎಂಬತ್ತು ವರ್ಷ ಬಾಳಿದ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಅವನು ಹುಟ್ಟುವಾಗ ಆ ಊರು ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಊರು ಆಂಧ್ರಪ್ರದೇಶದ ಹೈದರಾಬಾದ್ ಜಿಲ್ಲೆಗೆ ಹೋಯಿತು, 1978ರಲ್ಲಿ ರಂಗಾರೆಡ್ಡಿ ಜಿಲ್ಲೆಗೆ, 2014ರಲ್ಲಿ ತೆಲಂಗಾಣಕ್ಕೆ, 2016ರಲ್ಲಿ ವಿಕಾರಾಬಾದ್ ಜಿಲ್ಲೆಗೆ. ತೊಗರಿ ಬಿತ್ತುತ್ತಿದ್ದ ಅವನ ಹೊಲ ಇದ್ದಲ್ಲೇ ಇತ್ತು. ಈಗ ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಇರುವ ಮೊಮ್ಮಗಳು ಮನೆತನದ ಚರಿತ್ರೆ ಬರೆಯಲು ಕೂತು, ‘ಮೂಲ ಸ್ಥಳ’ ಎಂಬಲ್ಲಿ ಇವುಗಳಲ್ಲಿ ಯಾವುದನ್ನು ಬರೆಯಬೇಕು? ಜಹೀರಾಬಾದ್ ಮತ್ತು ನಾರಾಯಣಖೇಡದವರ ಪಾಡೂ ಇಷ್ಟೇ: ಮೊದಲು ಬೀದರ್ ಜಿಲ್ಲೆ, ಆಮೇಲೆ ಮೆದಕ್, ಈಗ ಸಂಗಾರೆಡ್ಡಿ. ಹಿರಿಯರು ಬಾಳಿದ ಜಾಗಗಳನ್ನು ಹಿಡಿದು ವಂಶದ ಕಥೆ ಹುಡುಕುವುದು ಒಳ್ಳೆಯ ದಾರಿ, ರಕ್ತಸಂಬಂಧದ ಹೆಸರುಗಳನ್ನು ಮಾತ್ರ ಪೋಣಿಸುವುದಕ್ಕಿಂತ ಪ್ರಾಮಾಣಿಕವಾದ ದಾರಿ ಎಂಬುದು ನನ್ನ ವಾದ. ಆದರೆ ಅದಕ್ಕೊಂದು ಷರತ್ತಿದೆ. ಜಾಗ ಎಂದರೆ ವಿಳಾಸ ಎಂದುಕೊಂಡರೆ ಕೆಲಸ ಕೆಟ್ಟಿತು. ಹೊಲ, ಸಂತೆ, ಬೀಗತನ, ಸಾಲ, ಮನೆದೇವರು ಇವೆಲ್ಲ ಕೂಡಿ ಹೆಣೆದ ಓಡಾಟದ ವಲಯವೇ ಜಾಗ.

ಈ ಷರತ್ತು ಎಷ್ಟು ಮುಖ್ಯ ಎನ್ನುವುದಕ್ಕೆ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ ಸಾಕ್ಷಿ. ಹಳೆಯ ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಇದ್ದವು, ಯಾವ ಒಂದಕ್ಕೂ ಬಹುಮತ ಇರಲಿಲ್ಲ. ರಾಜ್ಯ ಪುನರ್ವಿಂಗಡಣೆಗೆಂದು ನೇಮಿಸಿದ್ದ ಫಜಲ್ ಅಲಿ ಆಯೋಗ 1955ರಲ್ಲಿ ಇಡೀ ಜಿಲ್ಲೆಯನ್ನು ಹೈದರಾಬಾದಿನ ಜೊತೆಗೇ ಉಳಿಸಿ ಎಂದಿತ್ತು. ಕೊನೆಗೆ ಆದದ್ದು ಬೇರೆ. ಉದಗೀರ, ನಿಲಂಗಾ, ಅಹಮದಪುರಗಳು ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು ಪೂರ್ತಿಯಾಗಿ ಆಂಧ್ರಕ್ಕೆ ಹೋಯಿತು. ಜಹೀರಾಬಾದ್ ತಾಲ್ಲೂಕೂ ಆಂಧ್ರಕ್ಕೇ ಹೋಯಿತು, ಆದರೆ ಅದರ ನಿರ್ಣಾ ಸರ್ಕಲ್ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಿತು. ಇತ್ತ ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಮಾತ್ರ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ತಾಲ್ಲೂಕಿಗಿಂತ ಸಣ್ಣದಾದ ಕಂದಾಯದ ತುಂಡುಗಳನ್ನು ಹೀಗೆ ಅತ್ತಿತ್ತ ಮಾಡಿದಾಗ ಗೆರೆ ಹಾದುಹೋದದ್ದು ಮನೆತನಗಳ ನಡುವೆಯೇ. ನಿರ್ಣಾದಲ್ಲಿ ಹುಟ್ಟಿ ಜಹೀರಾಬಾದಿನ ಕಡೆಗೆ ಮದುವೆಯಾಗಿ ಬಂದ ಹೆಣ್ಣಿಗೆ ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ. ಮದುವೆಯ ದಿನ ಎರಡೂ ಒಂದೇ ತಾಲ್ಲೂಕಾಗಿತ್ತು. ಇಂಥ ಕಡೆ ‘ನಮ್ಮ ಪೂರ್ವಜರು ತೆಲಂಗಾಣದವರು’ ಅಥವಾ ‘ಕರ್ನಾಟಕದವರು’ ಎನ್ನುವ ಮಾತು ಸುಳ್ಳಲ್ಲದಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನು ವಂಶವೃಕ್ಷದ ಮಾತು. ನಾವು ಬರೆದಿಡುವ ವಂಶವೃಕ್ಷ ಹೆಚ್ಚಾಗಿ ಗಂಡಸರ ಸಾಲು; ಹೆಂಗಸರು ಬಂದರೆ ಇಂಥವರ ಹೆಂಡತಿ ಎಂದು ಒಂದು ಮೂಲೆಯಲ್ಲಿ ಬರುತ್ತಾರೆ, ಎಷ್ಟೋ ಸಲ ಹೆಸರೂ ಇಲ್ಲದೆ. ಉತ್ತರ ಕರ್ನಾಟಕದ ಹೆಳವರು ಎತ್ತಿನೊಂದಿಗೆ ಊರೂರು ಸುತ್ತಿ, ಒಕ್ಕಲು ಮನೆಗಳ ಮುಂದೆ ನಿಂತು ಮೂಲ ಊರು, ಬೆಡಗು, ತಲೆಮಾರುಗಳ ಹೆಸರು ಹೇಳಿ ಕಾಳುಕಡಿ ಪಡೆಯುವವರು. ಮನೆತನವನ್ನು ಊರಿನಿಂದಲೇ ಗುರುತಿಸುವ ಜಾಣತನ ಅವರ ಪರಂಪರೆಯಲ್ಲಿದೆ. ಆದರೂ ಅವರ ಪಾಠ ನಡೆಯುವುದು ಮುಖ್ಯವಾಗಿ ಗಂಡು ಸಂತಾನದ ಹಾದಿಯಲ್ಲೇ. ಅದೇ ಪ್ರಶ್ನೆಯನ್ನು ಜಾಗದ ಕಡೆಯಿಂದ ಕೇಳಿ ನೋಡಿ. ನಾಲ್ಕು ತಲೆಮಾರು ನಾರಾಯಣಖೇಡದ ಬದಿಯ ಒಂದೇ ಹಳ್ಳಿಯಲ್ಲಿ ನೆಲೆಸಿದ ಮನೆತನದೊಳಕ್ಕೆ ಬೇರೆ ಬೇರೆ ಊರುಗಳಿಂದ ಹೆಣ್ಣುಮಕ್ಕಳು ಬಂದಿರುತ್ತಾರೆ: ಒಬ್ಬಳು ಔರಾದ ಕಡೆಯವಳು, ಒಬ್ಬಳು ಮಂಜೀರಾ ನದಿಯ ಆಚೆ ದಂಡೆಯವಳು, ಇನ್ನೊಬ್ಬಳು ಈಗ ಮಹಾರಾಷ್ಟ್ರವಾದ ಉದಗೀರದವಳು. ಮನೆಯಲ್ಲಿ ಆಡುವ ಮಾತಿನ ಬೆರಕೆ, ಹರಕೆ ಹೊತ್ತ ದೇವರು, ಅಡುಗೆಯ ಕೈರುಚಿ ಬಂದದ್ದು ಈ ದಾರಿಗಳಿಂದಲೇ. ‘ಮುತ್ತಜ್ಜ ಇದೇ ಊರಿನವರು’ ಎಂಬ ಉತ್ತರ ಮನೆತನದ ಅರ್ಧ ಚರಿತ್ರೆ ಕೂಡ ಅಲ್ಲ. ಅಜ್ಜಿಯ ತವರು, ಅವಳ ತಾಯಿಯ ತವರು ಎಂದು ಹಿಂದಕ್ಕೆ ಹೋದಾಗ ಹೆಸರು ಮರೆತಲ್ಲಿಯೂ ಊರು ನೆನಪಿರುತ್ತದೆ. ಸೊಸೆಯಂದಿರನ್ನು ತವರೂರಿನ ಹೆಸರಿನಿಂದ ಗುರುತಿಸುವ ರೂಢಿ ಈ ಸೀಮೆಯಲ್ಲಿ ಇದ್ದದ್ದರಿಂದ ಇಷ್ಟಾದರೂ ಉಳಿದಿದೆ.

ದಾಖಲೆಗಳ ಮಾತೇನು ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ತಾಂಡೂರು, ಜಹೀರಾಬಾದ್, ನಾರಾಯಣಖೇಡ ಈ ಮೂರು ತಾಲ್ಲೂಕುಗಳಲ್ಲಿ ಕುಟುಂಬವೊಂದನ್ನು ಕಾಗದದ ಮೇಲೆ ಹಿಡಿಯಲು ಸಿಗುವ ಗಟ್ಟಿ ಆಧಾರ 1954–55ರ ಖಾಸ್ರಾ ಪಹಣಿ. ಸರ್ವೆ ನಂಬರು, ಪಟ್ಟಾದಾರನ ಹೆಸರು, ಎಕರೆ-ಗುಂಟೆ, ಸಾಗುವಳಿ ಮಾಡುವವನ ಹೆಸರು ಅದರಲ್ಲಿವೆ. ಅದಕ್ಕಿಂತ ಹಿಂದಕ್ಕೆ ಹೋದರೆ ಕಂದಾಯದ ಭಾಷೆ ಉರ್ದು, ಇಸವಿ ಫಸ್ಲಿ. ತಿಂಗಳುಗಳು ಆಜೂರ್, ದೈ, ಬಹಮನ್. ಫಸ್ಲಿ 1350 ಎಂದಿದ್ದರೆ 590 ಕೂಡಿಸಿ 1940 ಎಂದು ತಿಳಿಯಬೇಕು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ಪದ್ಧತಿ ಇಲ್ಲದ್ದರಿಂದ ಬಸಪ್ಪನ ಹೆಸರಿನಲ್ಲಿ ಉಳಿಯುವುದು ಬ, ಸ, ಪ ಮತ್ತು ಕೊನೆಯ ಒಂದು ದೀರ್ಘ. ಅದನ್ನು ಮುಂದೆ ತೆಲುಗಿಗೆ ಇಳಿಸಿಕೊಂಡ ಗುಮಾಸ್ತ ಏನೆಂದು ಓದಿದನೋ ಅದೇ ಈಗಿನ ದಾಖಲೆಯ ಹೆಸರು. ಹೀಗೆ ಕನ್ನಡದ ಹೆಸರೊಂದು ಎರಡು ಲಿಪಿ ದಾಟಿ ಬರುವಷ್ಟರಲ್ಲಿ ಗುರುತು ಸಿಗದಂತಾಗಿದ್ದರೆ ಅಚ್ಚರಿಯಿಲ್ಲ. ಊರಿನ ಹೆಸರು ಮತ್ತು ಸರ್ವೆ ನಂಬರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ವ್ಯಕ್ತಿಯನ್ನು ಜಾಗದ ಮೂಲಕ ಹುಡುಕಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ?

ಆದರೆ ಪಹಣಿ ಇರುವುದು ಹೊಲ ಇದ್ದವರಿಗೆ. ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಇದೇ. ಜೀತಕ್ಕಿದ್ದವರು, ತಾಂಡೂರಿನ ಗಣಿಗಳಲ್ಲಿ ಕಲ್ಲು ಒಡೆದವರು, 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಬಂದ ಮೇಲೆ ಹಳಿಯ ಪಕ್ಕದ ಕೂಲಿ ನೆಚ್ಚಿದವರು, ಊರ ಹೊರಗಿನ ಕೇರಿಯವರು ಯಾವ ಕಾಲಮ್ಮಿನಲ್ಲಿ ಸಿಗುತ್ತಾರೆ? ಹೊಲಕ್ಕೆ ಸರ್ವೆ ನಂಬರಿದೆ, ಹೊಲದಲ್ಲಿ ಬೆನ್ನು ಬಗ್ಗಿಸಿದವರಿಗೆ ಇಲ್ಲ. ಅಷ್ಟೇ ಅಲ್ಲ, ‘ನಮ್ಮ ಹಳೇ ಊರು’ ಎಂದು ಕಣ್ಣು ತೇವ ಮಾಡಿಕೊಳ್ಳುವ ಸುಖ ಬಹುಮಟ್ಟಿಗೆ ಊರ ನಡುವೆ ಮನೆ ಇದ್ದವರದು. ಅದೇ ಊರನ್ನು ಬಿಟ್ಟು ಬಂದದ್ದೇ ಬಿಡುಗಡೆಯಾದವರೂ ಇದ್ದಾರೆ. ಇದನ್ನು ಒಪ್ಪಲೇಬೇಕು. ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಭೂಮಿಯ ಕಾಗದ ಇಲ್ಲದವರ ಚರಿತ್ರೆಗೆ ಹೆಸರಿನ ದಾರಿಯಂತೂ ಇನ್ನೂ ಇಕ್ಕಟ್ಟು. ಅವರು ಎಲ್ಲಿ ದುಡಿದರು, ಯಾವ ಜಾತ್ರೆಗೆ ನಡೆದರು, ಯಾವ ದರ್ಗಾಕ್ಕೆ ಹರಕೆ ಹೊತ್ತರು, ಎಲ್ಲಿಂದ ಹೆಣ್ಣು ತಂದರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ, ತಾಂಡೂರಿನ ಭಾವಿಗಿ ಭದ್ರೇಶ್ವರನಿಗೆ ಬೀದರ್, ಕಲಬುರಗಿ ಕಡೆಯಿಂದ ಜನ ಇಂದಿಗೂ ಬರುತ್ತಾರೆ. ಆ ಹಾದಿ 1956ರ ಗೆರೆಗಿಂತ ಹಳೆಯದು. ಜಾಗವನ್ನು ಆಸ್ತಿ ಎಂದುಕೊಂಡಾಗ ಬಡವ ಕಾಣೆಯಾಗುತ್ತಾನೆ. ಓಡಾಟ ಎಂದುಕೊಂಡಾಗ ಅವನೂ ಕಾಣುತ್ತಾನೆ.

ಇನ್ನೊಂದು ಭಯ ಇದೆ: ಪೂರ್ವಜರ ಜಾಗ ಹುಡುಕುವುದು ನಾಳೆ ‘ಇದು ನಮ್ಮ ನೆಲ’ ಎಂಬ ಕೂಗಿಗೆ ಇಂಧನವಾಗದೇ? ತಾಂಡೂರಿನ ಹತ್ತಿರ ಹರಿಯುವ ಕಾಗಿಣಾ ನದಿ ಮುಂದೆ ರಾಷ್ಟ್ರಕೂಟರ ಮಳಖೇಡದ ದಂಡೆ ತೊಳೆದು ಭೀಮೆಗೆ ಸೇರುತ್ತದೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಕರೀಂನಗರ ಸೀಮೆಯ ಕುರ್ಕ್ಯಾಲದಲ್ಲಿದೆ. ಇವನ್ನು ಮುಂದಿಟ್ಟು ಇಡೀ ಸೀಮೆ ಕನ್ನಡದ್ದೆನ್ನುವ ಉತ್ಸಾಹಿಗಳಿಗೆ ಕೊರತೆಯಿಲ್ಲ. ಆದರೆ ಕುರ್ಕ್ಯಾಲದ ಆ ಬಂಡೆಯ ಮೇಲೆ ಕನ್ನಡದ ಜೊತೆಗೆ ಸಂಸ್ಕೃತವೂ ಇದೆ, ತೆಲುಗೂ ಇದೆ. ಶಾಸನ ಹೇಳುವುದು ದಾನ ಕೊಟ್ಟವನ, ಬರೆಸಿದವನ ಮಾತು. ಅದರಿಂದ ನನ್ನ ಮುತ್ತಜ್ಜನ ಮಾತು ತೀರ್ಮಾನವಾಗುವುದಿಲ್ಲ. ನಾಲ್ಕೈದು ತಲೆಮಾರಿಗಿಂತ ಆಚೆಗೆ ಮನೆತನದ ಚರಿತ್ರೆ ಸೀಮೆಯ ಚರಿತ್ರೆಯಲ್ಲಿ ಕರಗಿಹೋಗುತ್ತದೆ, ಅಲ್ಲಿಗೆ ನಿಲ್ಲುವ ಸಂಯಮ ಬೇಕು. ಜಾಗವನ್ನು ವಿಳಾಸ ಮಾಡಿ ಹಕ್ಕು ಹಂಚುವುದರಲ್ಲಿ ಸರ್ಕಾರವೂ ಕಡಿಮೆಯಿಲ್ಲ. ಹೈದರಾಬಾದ್ ಕರ್ನಾಟಕಕ್ಕೆಂದು ಸಂವಿಧಾನದ 98ನೇ ತಿದ್ದುಪಡಿ ತಂದ 371(ಜೆ) ವಿಧಿ ಬಳ್ಳಾರಿಯನ್ನೂ ಒಳಗೊಂಡಿದೆ. ಬಳ್ಳಾರಿ ನಿಜಾಮರ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಗೆ ಹೋದದ್ದು 1800ರಲ್ಲಿ! 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ನಾರಾಯಣಖೇಡ ಅದರ ಹೊರಗಿದೆ. ಆಡಳಿತಕ್ಕೆ ಇದು ಅನಿವಾರ್ಯವಿರಬಹುದು, ಚರಿತ್ರೆಗೆ ಇದು ಅಳತೆಗೋಲಾಗಬಾರದು.

ಜನ ಇದ್ದಲ್ಲೇ ಇರಲಿಲ್ಲ, ಹಾಗಿದ್ದ ಮೇಲೆ ಜಾಗ ಹಿಡಿದು ಹೋಗುವುದು ಹೇಗೆ ಎನ್ನುವವರಿಗೆ 1948 ನೆನಪಿಸಬೇಕು. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ, ಊರು ಬಿಟ್ಟು ಸೊಲ್ಲಾಪುರದ ಕಡೆ ಓಡಿದವರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿ. ಆ ಹಿಂಸೆಯನ್ನು ಅರಿಯಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಮತ್ತು ಗುಲ್ಬರ್ಗಾ ಎರಡೂ ಇದ್ದವು, ಅಂದರೆ ನಮ್ಮ ಮೂರೂ ತಾಲ್ಲೂಕುಗಳು ಆ ಜಿಲ್ಲೆಗಳ ಒಳಗಿದ್ದವು. ಅನೇಕ ಮನೆಗಳಲ್ಲಿ ಈ ವರ್ಷದ ಬಗ್ಗೆ ಮಾತೇ ಇಲ್ಲ. ವಂಶವೃಕ್ಷದಲ್ಲಿ ಆ ಮೌನ ಕಾಣುವುದೂ ಇಲ್ಲ, ಹೆಸರುಗಳ ಸಾಲು ಏನೂ ಆಗದ ಹಾಗೆ ಮುಂದುವರಿಯುತ್ತದೆ. ಜಾಗಗಳ ಪಟ್ಟಿಯಲ್ಲಿ ಅದು ಕೂಡಲೇ ಕಾಣುತ್ತದೆ. 1947ರವರೆಗೆ ಒಂದು ಊರು, 1949ರಲ್ಲಿ ಇನ್ನೊಂದು ಎಂದಿದ್ದರೆ ನಡುವೆ ಏನಾಯಿತು ಎಂದು ಕೇಳದೆ ಗತ್ಯಂತರವಿಲ್ಲ.

ಆದ್ದರಿಂದ ಮನೆತನದ ಕಥೆ ಬರೆಯುವವರಲ್ಲಿ ಕೋರಿಕೆ ಇಷ್ಟು. ಪ್ರತಿ ಊರಿನ ಮುಂದೆ ಇಸವಿ ಹಾಕಿ, ಆ ಇಸವಿಯಲ್ಲಿ ಅದು ಯಾವ ತಾಲ್ಲೂಕು, ಯಾವ ಜಿಲ್ಲೆ ಎಂದು ಬರೆಯಿರಿ. ಅಜ್ಜನ ಊರು ಬರೆಯುವ ಮೊದಲು ಅಜ್ಜಿಯ ತವರು ಬರೆಯಿರಿ. ನಿಜಾಮರ ಕಾಲದ ಕಾಗದಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ, ಕೆಲವು ನಿಮ್ಮದೇ ಮನೆಯ ಟ್ರಂಕಿನಲ್ಲೂ ಇರಬಹುದು. ಉರ್ದು ಶಾಲೆಯಲ್ಲಿ ಓದಿ ಅವನ್ನು ಓದಬಲ್ಲ ಕನ್ನಡದ ಹಿರಿಯರಿಗೆ ಈಗ ಎಂಬತ್ತೈದು ದಾಟಿದೆ, ಮೊದಲು ಅವರ ಹತ್ತಿರ ಹೋಗಿ.