ಗೌಜಲು ಹೇಳಿದ ಸುಳ್ಳು

ಬಂಗಾರಪೇಟೆಯಿಂದ ಹೊರಟ ರೈಲು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಆ ರೈಲಿಗೆ ಅದೇ ಕೊನೆಯ ನಿಲ್ದಾಣ. ಇಳಿದು ಮೈಸೂರು ಮೈನ್ಸ್ ಕಡೆಗೆ ನಡೆದರೆ ಸೈನೈಡ್ ದಿಬ್ಬಗಳು ಕಾಣುತ್ತವೆ. ಭೂಮಿಯ ಹೊಟ್ಟೆಯಿಂದ ತೆಗೆದ ಕಲ್ಲನ್ನು ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಬೇರ್ಪಡಿಸಿ, ಮಿಕ್ಕ ಪುಡಿಯನ್ನು ವರ್ಷಗಟ್ಟಲೆ ಸುರಿದು ಎದ್ದ ಗುಡ್ಡಗಳಿವು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಇಂಥ ಪುಡಿ 3 ಕೋಟಿ ಟನ್‌ಗೂ ಹೆಚ್ಚಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ದಿಬ್ಬದ ಬುಡದಲ್ಲಿ ಜಾಲಿ ಬೆಳೆಯಿತು, ಜಾಲಿಯ ಅಡಿಗೆ ಹಕ್ಕಿಗಳು ಬಂದವು.

ಕಳೆದ ಆಗಸ್ಟ್‌ನ ಒಂದು ಬೆಳಿಗ್ಗೆ ಅಲ್ಲಿ ಒಂದು ಗೌಜಲನ್ನು ನೋಡಿದೆ. ಹಳಗನ್ನಡದವರು ಕೌಜುಗ ಎಂದು ಕರೆದ ಹಕ್ಕಿ; ನಮ್ಮ ಓಣಿಯ ತಮಿಳರಿಗೆ ಕೌದಾರಿ. ಅದರ ಹಿಂದೆ ನಾಲ್ಕು ಮರಿ, ಒಂದೊಂದೂ ನೆಲ್ಲಿಕಾಯಿಗಿಂತ ಸ್ವಲ್ಪ ದಪ್ಪ. ಜಾಲಿಯ ಮರೆಯಿಂದ ಮುಂಗುಸಿಯೊಂದು ಹೊರಬಂತು. ತಾಯಿ ಒಂದು ಸಣ್ಣ ಸದ್ದು ಮಾಡಿದಳು. ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು; ಕಣ್ಣೆದುರೇ ಇದ್ದರೂ ನನಗೆ ಕಾಣದಾದವು. ಆಮೇಲೆ ತಾಯಿ ಒಂದು ರೆಕ್ಕೆ ಜೋಲು ಬಿಟ್ಟು, ಕುಂಟುತ್ತಾ, ಮುಂಗುಸಿಯ ಮೂತಿಯ ಮುಂದೆಯೇ ಹೊರಳತೊಡಗಿದಳು. ರೆಕ್ಕೆ ಮುರಿದಿದೆ, ಬಾ, ಹಿಡಿ ಎನ್ನುವಂತಿತ್ತು. ಮುಂಗುಸಿ ಅವಳ ಹಿಂದೆ ತಿರುಗಿತು.

ನನಗೆ ತಡೆಯಲಾಗಲಿಲ್ಲ. ‘ಹೋಯ್’ ಎಂದು ಕಿರುಚಿ ಕಲ್ಲೆಸೆದೆ. ಗೌಜಲು ಬೆದರಿ ಬುರ್ರನೆ ಹಾರಿಹೋಯಿತು. ನನಗೆ ಹೆದರಿದ ಮುಂಗುಸಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿತು. ಆ ದಾರಿಯಲ್ಲಿ ಮರಿಗಳಿದ್ದವು. ಜಾಲಿಯೊಳಗೆ ನುಗ್ಗುವಾಗ ಅದರ ಬಾಯಲ್ಲಿ ಒಂದು ಮರಿ ಇತ್ತು.

ಆಡು ಮೇಯಿಸುತ್ತಿದ್ದ ತಾತ ಎಲ್ಲವನ್ನೂ ನೋಡುತ್ತಿದ್ದರು. “ಯಾಕಪ್ಪಾ ಕಿರುಚಿದೆ? ಅವಳ ಕೆಲಸ ಅವಳು ಮಾಡ್ತಾ ಇದ್ಲಲ್ಲ” ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಬೇಟೆಯ ಪ್ರಾಣಿಯ ಮುಂದೆ ನಿಂತ ತಾಯಿ ಎಂದರೆ ಕನ್ನಡದವರಿಗೆ ಮೊದಲು ನೆನಪಾಗುವುದು ಪುಣ್ಯಕೋಟಿ. ಅವಳು ಹುಲಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ನಿಜವೇ ಅವಳನ್ನು ಉಳಿಸಿತು. ಗೌಜಲು ಮಾಡಿದ್ದು ಅದರ ತದ್ವಿರುದ್ಧ. ಅವಳ ಮೈಯೆಲ್ಲ ಸುಳ್ಳು. ಆದರೆ ಆ ಸುಳ್ಳಿಗೆ ಅವಳು ಒತ್ತೆ ಇಟ್ಟದ್ದು ತನ್ನ ಪ್ರಾಣವನ್ನೇ. ಒಂದು ಗೇಣು ಲೆಕ್ಕ ತಪ್ಪಿದರೂ ನಟನೆ ನಿಜವಾಗುತ್ತಿತ್ತು. ಅಮೆರಿಕದ ಕಾಡು ಟರ್ಕಿ ಕೋಳಿಯೂ ಹೀಗೆಯೇ ಮಾಡುತ್ತದೆ. ಅದರ ಮರಿಗಳಿಗೆ ಮೊದಲ ಎರಡು ವಾರ ಮರವೇರಲಾಗದು. ರಾತ್ರಿ ನೆಲದ ಮೇಲೆ ತಾಯಿಯ ರೆಕ್ಕೆಯಡಿ ಮಲಗಬೇಕು. ಕಯೋಟಿ, ಕಾಡುಬೆಕ್ಕು, ದೊಡ್ಡ ಗೂಬೆ ಎಲ್ಲಕ್ಕೂ ಅದು ಗೊತ್ತು. 2017ರಲ್ಲಿ ಬಾಸ್ಟನ್ ಬಳಿ ರಸ್ತೆಯಲ್ಲಿ ಸತ್ತು ಬಿದ್ದ ಬೆಕ್ಕಿನ ಸುತ್ತ ಟರ್ಕಿಗಳು ಸಾಲಾಗಿ ಸುತ್ತುತ್ತಿದ್ದ ವಿಡಿಯೊ ಬಹಳ ಜನ ನೋಡಿದರು. ವೈರಿಯನ್ನು ದೂರದಿಂದ ಪರೀಕ್ಷಿಸುವ ರೀತಿ ಅದಿರಬಹುದು ಎಂದರು ತಿಳಿದವರು. ನೆಲದ ಮೇಲೆ ಬಾಳುವ ಹಕ್ಕಿಗೆ ವೈರಿಯನ್ನು ಅರಿಯುವುದೇ ಅರ್ಧ ಬದುಕು. ಆ ಅರಿವು ಗೌಜಲಿಗಿತ್ತು, ಮುಂಗುಸಿಗೂ ಇತ್ತು. ಇಲ್ಲದಿದ್ದದ್ದು ನನಗೆ.

ಹಾಗಾದರೆ ಆ ಮರಿಯನ್ನು ಕೊಂದದ್ದು ಯಾರು? ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಜೀವವಿಲ್ಲದ ಕೋಳಿಯಾದರೂ ಕೊಲ್ಲುವ ಸಂಕಲ್ಪವಿತ್ತು; ಅದಕ್ಕಾಗಿ ತಾಯಿ ಮಗ ಜನ್ಮ ಜನ್ಮ ಅಲೆದರು. ಆ ತಕ್ಕಡಿಯಲ್ಲಿ ತೂಗಿದರೆ ನಾನು ನಿರ್ದೋಷಿ: ನನ್ನ ಸಂಕಲ್ಪ ಉಳಿಸುವುದಾಗಿತ್ತು. ಆದರೆ ನನ್ನ ಕೋಳಿ ಹಿಟ್ಟಿನದಲ್ಲ. ಸಂಕಲ್ಪ ಶುದ್ಧವಾಗಿದ್ದರೂ ಮರಿ ಸತ್ತಿತು. ಮನಸ್ಸು ಒಳ್ಳೆಯದಿದ್ದರೆ ಸಾಲದು, ಏನು ನಡೆಯುತ್ತಿದೆ ಎಂದು ತಿಳಿಯುವಷ್ಟು ಹೊತ್ತು ಕಾಯಬೇಕು. ಕರುಣೆಗೆ ಅವಸರ ಇದ್ದಾಗ ಅದು ಎದುರಿನ ಜೀವಕ್ಕಿಂತ ತನ್ನ ಸಂಕಟವನ್ನೇ ಮೊದಲು ಶಮನ ಮಾಡಿಕೊಳ್ಳುತ್ತದೆ. ನಾನು ಕಿರುಚಿದ್ದು ಗೌಜಲಿಗಾಗಿ ಎಂದು ನಂಬಿದ್ದೆ. ನೋಡಲಾಗದೆ ಕಿರುಚಿದೆ ಎಂಬುದೇ ಹೆಚ್ಚು ನಿಜ.

ಶಿಬಿಯ ಕಥೆಯಲ್ಲಿ ಗಿಡುಗ ಕೇಳುವ ಪ್ರಶ್ನೆಯೂ ಇದೆ: ಪಾರಿವಾಳವನ್ನು ಉಳಿಸಿದೆ, ನನ್ನ ಹಸಿವಿಗೇನು ಹೇಳುತ್ತೀ? ಶಿಬಿ ತನ್ನ ತೊಡೆಯ ಮಾಂಸ ಕೊಟ್ಟ. ನಾನು ಮುಂಗುಸಿಗೆ ಏನನ್ನೂ ಕೊಡಲು ಸಿದ್ಧನಿರಲಿಲ್ಲ. ಖರ್ಚಿಲ್ಲದ ಕರುಣೆ ನನ್ನದು.

ಹಾಗೆಂದು ಕೈಕಟ್ಟಿ ನಿಲ್ಲುವುದೇ ಧರ್ಮ, ಅದು ಪ್ರಕೃತಿಯ ನಿಯಮ ಎಂದು ಮುಗಿಸಲೂ ನನಗಾಗದು. ಈ ಮಾತು ನಮ್ಮೂರಿನಲ್ಲಿ ಬೇರೆ ಕಡೆಯೂ ಕೇಳಿದ್ದೇನೆ. ಗಣಿ ಮುಚ್ಚಿ ಕೆಲಸ ಹೋದವರ ಬಗ್ಗೆಯೂ ಜನ ‘ಬಲ ಇದ್ದವನು ಬದುಕ್ತಾನೆ, ಪ್ರಕೃತಿ ನಿಯಮ’ ಎಂದರು. ಮುಂಗುಸಿಗೆ ಬೇರೆ ದಾರಿಯಿಲ್ಲ, ಅದನ್ನು ಯಾರೂ ಕಾರಣ ಕೇಳಲಾಗದು. ಮನುಷ್ಯನಿಗೆ ದಾರಿಗಳಿವೆ, ಅವನನ್ನು ಕೇಳಬಹುದು. ಹಕ್ಕಿಯ ಸಾವಿಗೆ ಹೊಂದುವ ಮಾತನ್ನು ಮನುಷ್ಯನ ಹಸಿವಿಗೆ ಹೊದಿಸುವುದು ಗೌಜಲಿನದಕ್ಕಿಂತ ಕೆಟ್ಟ ಸುಳ್ಳು.

ಅಲ್ಲದೆ ಈ ದಿಬ್ಬದಲ್ಲಿ ಪ್ರಕೃತಿ ಎಲ್ಲಿ ಮುಗಿಯಿತು, ನಾವು ಎಲ್ಲಿ ಶುರುವಾದೆವು? ಗುಡ್ಡ ನಾವು ಸುರಿದದ್ದು. ಬಳ್ಳಾರಿ ಜಾಲಿ ಹೊರನಾಡಿನಿಂದ ತಂದದ್ದು. ಇನ್ನೊಂದು ಬದಿಯಲ್ಲಿ ಕಸ ಸುರಿಯುವ ಜಾಗವಿದೆ. ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಬೀದಿನಾಯಿಗಳ ಹಿಂಡು ಆಗಾಗ ಗೌಜಲನ್ನೂ ನವಿಲನ್ನೂ ಅಟ್ಟುತ್ತದೆ. ಮುಂಗುಸಿಯ ಲೆಕ್ಕ ಗೌಜಲಿಗೆ ಗೊತ್ತು. ನಮ್ಮ ಎಂಜಲು ತಿಂದು ಹೆಚ್ಚಿದ ಹಿಂಡಿನ ಲೆಕ್ಕ ಅದಕ್ಕೆ ಹೇಗೆ ಗೊತ್ತಾಗಬೇಕು? ಅಲ್ಲಿ ‘ನನಗೆ ಸಂಬಂಧವಿಲ್ಲ’ ಎನ್ನುವ ಹಕ್ಕು ನಮಗಿಲ್ಲ. ಕಲ್ಲೆಸೆಯುವುದರಿಂದ ಆ ಸಂಬಂಧ ತೀರುವುದೂ ಇಲ್ಲ. ಕಸವನ್ನು ಬಯಲಿಗೆ ಸುರಿಯದಿರುವುದು, ಸಾಕಿದ ನಾಯಿಯನ್ನು ಬೀದಿಗೆ ಬಿಡದಿರುವುದು: ಇಷ್ಟು ಸಪ್ಪೆ ಕೆಲಸಗಳಲ್ಲಿದೆ ಅಲ್ಲಿನ ಧರ್ಮ.

ಎರಡು ವಾರದ ಮೇಲೆ ಮತ್ತೆ ಹೋದೆ. ತಾತ ಇದ್ದರು. ಗೌಜಲು ಕೂಗುತ್ತಿತ್ತು, ಅದೇ ಗೌಜಲೋ ಬೇರೆಯದೋ ಹೇಳಲಾರೆ. “ಕೂತ್ಕೋ” ಎಂದರು. ಕೂತೆ. ಬಹಳ ಹೊತ್ತಿನ ಮೇಲೆ ಜಾಲಿಯ ಕೆಳಗಿನ ಒಣಗಿದೆಲೆ ಅಲುಗಿತು. ಮುಂಗುಸಿಯೋ ಮರಿಗಳೋ ಗೊತ್ತಾಗಲಿಲ್ಲ. ನನ್ನ ಕೈ ತಾನಾಗಿಯೇ ಕಲ್ಲಿಗೆ ಹೋಗಿತ್ತು. ಅದನ್ನು ಅಲ್ಲೇ ಬಿಟ್ಟೆ.