ಸೋತ ದಿನ ಗುರು ಯಾರ ಕಡೆ?

2024ರ ಆಗಸ್ಟ್ 5ರ ಆ ಪಂದ್ಯ ನೆನಪಿದೆಯಾ? ಪ್ಯಾರಿಸ್ ಒಲಿಂಪಿಕ್ಸ್, ಬ್ಯಾಡ್ಮಿಂಟನ್ ಕಂಚಿನ ಪದಕದ ಆಟ. ಮಲೇಷ್ಯಾದ ಲೀ ಜೀ ಜಿಯಾ ಎದುರು ನಮ್ಮ ಲಕ್ಷ್ಯ ಸೇನ್ ಮೊದಲ ಗೇಮನ್ನ 21-13ರಲ್ಲಿ ಗೆದ್ದ. ಎರಡನೇದರಲ್ಲೂ 8-3ರಿಂದ ಮುಂದಿದ್ದ. ಆಮೇಲೆ 16-21, 11-21. ಪದಕ ಹೋಯ್ತು. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಅಕ್ಸೆಲ್ಸನ್ ಎದುರೂ ಇದೇ ಕಥೆ: ಮೊದಲ ಗೇಮ್‌ನಲ್ಲಿ 20-17, ಎರಡನೇದರಲ್ಲಿ 7-0 ಮುಂದಿದ್ದು ಎರಡನ್ನೂ ಬಿಟ್ಟುಕೊಟ್ಟಿದ್ದ.

ಅಂಗಳದ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಪ್ರಕಾಶ್ ಪಡುಕೋಣೆ. ಪಂದ್ಯ ಮುಗಿದ ಮೇಲೆ ಅವರು ಪತ್ರಕರ್ತರ ಮುಂದೆ ಹೇಳಿದ ಮಾತಿನ ಸಾರ ಇಷ್ಟು: ಸರ್ಕಾರ, ಫೆಡರೇಷನ್ ತಮ್ಮ ಕೈಲಾದದ್ದೆಲ್ಲ ಮಾಡಿವೆ, ಇನ್ನು ಆಟಗಾರರು ಜವಾಬ್ದಾರಿ ಹೊರಬೇಕು. ಇದಕ್ಕೆ ಕೊಡಗಿನ ಅಶ್ವಿನಿ ಪೊನ್ನಪ್ಪ ಇನ್‌ಸ್ಟಾಗ್ರಾಮ್‌ನಲ್ಲಿ ನೇರವಾಗೇ ಕೇಳಿದ್ರು: ಗೆದ್ದಾಗ ಹೆಸರು ಹಂಚಿಕೊಳ್ಳೋಕೆ ಎಲ್ಲರೂ ಬರ್ತಾರೆ, ಸೋತಾಗ ಮಾತ್ರ ತಪ್ಪು ಆಟಗಾರನೊಬ್ಬನದ್ದೇ? ಕೋಚ್‌ಗಳ ಹೊಣೆ ಎಲ್ಲಿ?

ಇಬ್ಬರೂ ನಮ್ಮವರೇ, ಇಬ್ಬರೂ ಆ ಆಟದಲ್ಲಿ ಬೆವರು ಸುರಿಸಿದವರೇ. ಯಾರು ಸರಿ?

ಪಡುಕೋಣೆ ಅವರ ಪರವಾಗಿ ಮೊದಲು ಯೋಚಿಸೋಣ. ಕಷ್ಟ ಅಂದ್ರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಕಲ್ಯಾಣ ಮಂಟಪದಲ್ಲಿ. ಮದುವೆ ಇದ್ದ ದಿನ ಪ್ರಾಕ್ಟೀಸ್ ಇಲ್ಲ! ಅಲ್ಲಿಂದ ಹೊರಟವರು 1980ರಲ್ಲಿ ಲಿಯೆಮ್ ಸ್ವಿ ಕಿಂಗ್ ಅವರನ್ನ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಆಮೇಲೆ 1994ರಲ್ಲಿ ಬೆಂಗಳೂರಲ್ಲಿ ಅಕಾಡೆಮಿ ಕಟ್ಟಿದರು. ಅಲ್ಮೋರಾದಿಂದ ಹುಡುಗನಾಗಿ ಬಂದ ಲಕ್ಷ್ಯ ಬೆಳೆದದ್ದು ಅಲ್ಲೇ. ಅಂಥ ಹಿರಿಯರು ಸತ್ಯ ಹೇಳದಿದ್ರೆ ಇನ್ಯಾರು ಹೇಳಬೇಕು? ಸಾರ್ವಜನಿಕರ ದುಡ್ಡು ಖರ್ಚಾಗ್ತಿರುವಾಗ ಬರೀ ಬೆನ್ನು ತಟ್ಟುತ್ತಾ ಕೂರೋಕಾಗುತ್ತಾ?

ಆದ್ರೂ ನನಗೆ ಅಶ್ವಿನಿಯವರ ಪ್ರಶ್ನೆಯೇ ಹೆಚ್ಚು ತೂಕದ್ದು ಅನ್ನಿಸುತ್ತೆ. ಯಾಕೆ ಅಂತ ಹೇಳ್ತೀನಿ.

ಒಬ್ಬ ಮಹಾನ್ ಆಟಗಾರನನ್ನ ಎಳೆಯನ ಪಕ್ಕ ಕೂರಿಸಿದಾಗ ನಾವು ನಿಜವಾಗಿ ಏನು ಪಡೀತೀವಿ? ಕಸುಬು ಪೂರ್ತಿಯಾಗಿ ಕೈಬದಲಾಗಲ್ಲ. 2005ರಲ್ಲಿ ಅಮೆರಿಕದ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡ 17 ವರ್ಷದ ಆಂಡ್ರ್ಯೂ ಬೈನಮ್ ಎಂಬ ಎತ್ತರದ ಹುಡುಗನನ್ನ ತಗೊಂಡು, ಅವನನ್ನ ತಿದ್ದೋಕೆ ಅಂತಲೇ ಕರೀಮ್ ಅಬ್ದುಲ್-ಜಬ್ಬಾರ್ ಅವರನ್ನ ಕೆಲಸಕ್ಕೆ ಇಟ್ಟುಕೊಳ್ತು. 38,387 ಪಾಯಿಂಟ್ ಗಳಿಸಿದ್ದ ಮನುಷ್ಯ; 2023ರವರೆಗೆ ಅದೇ ಎನ್‌ಬಿಎ ದಾಖಲೆ. ಹುಡುಗ ಒಳ್ಳೆಯ ಆಟಗಾರನೇ ಆದ, 2012ರಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. ಆಮೇಲೆ ಮಂಡಿ ಕೈಕೊಡ್ತು. ಕರೀಮ್ ಅವರ ಪ್ರಸಿದ್ಧ ಸ್ಕೈಹುಕ್ ಮಾತ್ರ ಕರೀಮ್ ಅವರ ಹೆಸರಲ್ಲೇ ಉಳೀತು. ಅಂದ್ರೆ ಹಿರಿಯನ ಕೈಚಳಕಕ್ಕಿಂತ ಹೆಚ್ಚಾಗಿ ನಾವು ಪಡೆಯೋದು ಅವನ ಹೆಸರು, ಅವನು ಪಕ್ಕದಲ್ಲಿ ಇರೋದು.

ಈ ಹೆಸರಿಗೆ ಒಂದು ಗುಣ ಇದೆ. ಗೆಲುವಿನಲ್ಲಿ ಅದು ಪಾಲು ಪಡೆಯುತ್ತೆ, ಸೋಲು ಮಾತ್ರ ಅದಕ್ಕೆ ಅಂಟಲ್ಲ. ಲಕ್ಷ್ಯ ಗೆದ್ದಿದ್ರೆ ಮರುದಿನ ಎಲ್ಲ ಪೇಪರಿನಲ್ಲೂ ಗುರು-ಶಿಷ್ಯರ ಫೋಟೋ ಬರ್ತಿತ್ತು. ಸೋತಾಗ ಯಾರಾದ್ರೂ ಆಲ್ ಇಂಗ್ಲೆಂಡ್ ಚಾಂಪಿಯನ್‌ಗೆ ಬ್ಯಾಡ್ಮಿಂಟನ್ ಗೊತ್ತಿಲ್ಲ ಅಂತಾರಾ? ಇಲ್ಲ. ತಪ್ಪೆಲ್ಲ ತಾನಾಗೇ ಹುಡುಗನ ತಲೆ ಮೇಲೆ ಬಂದು ಕೂರುತ್ತೆ. ಹಿರಿಯ ಬಾಯಿ ಬಿಡದೇ ಇದ್ರೂ ತಕ್ಕಡಿ ಅಷ್ಟು ವಾಲಿರುತ್ತೆ. ಹಾಗಾಗಿ ಜವಾಬ್ದಾರಿ ಅನ್ನೋ ಮಾತು ಆಡುವಾಗ ಅದರಲ್ಲಿ ತನ್ನ ಪಾಲನ್ನ ಮೊದಲು ಹೇಳಬೇಕಾದವನು ಅವನೇ. ಅವನಿಗೆ ಅದರಿಂದ ಆಗೋ ನಷ್ಟ ಅತಿ ಕಡಿಮೆ, ಹುಡುಗನಿಗೆ ಆಗೋ ಉಪಕಾರ ಅತಿ ಹೆಚ್ಚು.

ಹಾಗಾದ್ರೆ ಗುರು ಸುಳ್ಳು ಹೇಳಬೇಕಾ ಅಂತ ನೀವು ಕೇಳಬಹುದು. ಖಂಡಿತ ಬೇಡ. ಪಂದ್ಯಗಳು ಮುಗಿಯುವವರೆಗೆ ಪ್ರಕಾಶ್ ಸರ್ ನನ್ನ ಫೋನ್ ಕಿತ್ತಿಟ್ಟುಕೊಂಡಿದ್ರು ಅಂತ ಲಕ್ಷ್ಯ ಆಮೇಲೆ ಪ್ರಧಾನಿಯವರ ಮುಂದೆ ನಗುತ್ತಲೇ ಹೇಳಿದ್ದ. ಗುರು ಕಟುವಾಗಿರೋದು ಹುಡುಗನಿಗೆ ತೊಂದರೆಯಾಗಿರಲಿಲ್ಲ ಅಂತಾಯ್ತು. ನನ್ನ ತಕರಾರು ಸತ್ಯದ ಬಗ್ಗೆ ಅಲ್ಲ, ಅದನ್ನ ಯಾರ ಮುಂದೆ, ಯಾವಾಗ ಹೇಳಿದ್ರು ಅನ್ನೋದರ ಬಗ್ಗೆ. ಪಡುಕೋಣೆ ಅವರಿಗೆ ಅವತ್ತು ಎರಡು ಪಾತ್ರ ಇತ್ತು: ಒಬ್ಬ ಹುಡುಗನ ಮಾರ್ಗದರ್ಶಿ, ಇಡೀ ದೇಶದ ಬ್ಯಾಡ್ಮಿಂಟನ್‌ನ ಹಿರಿಯ. ಎರಡನೇ ಪಾತ್ರದ ಮಾತು ಒಂದು ತಿಂಗಳು ಕಾದಿದ್ರೂ ಹಳಸ್ತಿರಲಿಲ್ಲ. ಮೊದಲನೇ ಪಾತ್ರಕ್ಕೆ ಇದ್ದದ್ದು ಆ ಒಂದು ಸಂಜೆ ಮಾತ್ರ.

ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಕಥೆ ಇಲ್ಲಿ ನೆನಪಾಗುತ್ತೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. 20 ವರ್ಷದ ಹುಡುಗನ ಎದೆ ಹೇಗೆ ಹೊಡ್ಕೊಂಡಿರಬೇಡ! ನಾಯಕ ಪಟೌಡಿ ಹತ್ತಿರ ಬಂದು, ಚಿಂತೆ ಮಾಡಬೇಡ, ನೀನು ನೂರು ಹೊಡೀತೀಯ ಅಂದ್ರಂತೆ. ಎರಡನೇ ಇನಿಂಗ್ಸ್‌ನಲ್ಲಿ 137. ನಾವೆಲ್ಲ ಈ ಕಥೆಯನ್ನ ಭವಿಷ್ಯ ನಿಜವಾಯ್ತು ಅಂತ ಹೇಳ್ತೀವಿ. ನಾನು ಕೇಳೋದು, ಎರಡನೇ ಸಲವೂ ಸೊನ್ನೆಗೇ ಔಟಾಗಿದ್ರೆ ಪಟೌಡಿ ಮಾತು ತಪ್ಪಾಗ್ತಿತ್ತಾ? ನನ್ನ ಪ್ರಕಾರ ಇಲ್ಲ. ಆ ಮಾತು ಆಡಿದ ಕ್ಷಣದಲ್ಲೇ ಅವರು ತಮ್ಮ ಹೆಸರನ್ನ ಹುಡುಗನ ಸೊನ್ನೆಯ ಪಕ್ಕ ಇಟ್ಟಿದ್ರು.

ಶಿವಮೊಗ್ಗದಲ್ಲಿ ಬಿಇ ಓದುವಾಗ ರಜೆಗೆ ಭದ್ರಾವತಿಯ ದೊಡ್ಡಪ್ಪನ ಮನೆಗೆ ಹೋಗ್ತಿದ್ದೆ. ಅವರು ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಇದ್ದವರು. ಹೊಸ ಹುಡುಗ ಮಾಡಿದ ಎರಕ ಕೆಟ್ರೆ ಏನ್ಮಾಡ್ತಿದ್ರಿ ಅಂತ ಒಮ್ಮೆ ಕೇಳಿದ್ದೆ. "ಸಾಹೇಬ್ರು ಬಂದಾಗ ನಂದೇ ತಪ್ಪು ಅಂತಿದ್ದೆ ಮಾರಾಯ. ಅವರು ಆ ಕಡೆ ಹೋದ್ಮೇಲೆ ಹುಡುಗನಿಗೆ ಸರಿಯಾಗಿ ಬೈತಿದ್ದೆ" ಅಂದ್ರು. ಆ ಹುಡುಗರು ಬೈಸಿಕೊಂಡು ಬೇಜಾರು ಮಾಡ್ಕೊಳ್ತಿರಲಿಲ್ವಾ ಅಂದ್ರೆ, "ಬೇಜಾರೇನು, ಅವನ ಪರವಾಗಿ ನಿಂತಿದ್ದು ಅವನಿಗೆ ಕಂಡಿರ್ತಿತ್ತಲ್ಲ" ಅಂದ್ರು.

ನಮ್ಮಲ್ಲಿ ಬಹಳ ಜನ ಈಗ ಮೂವತ್ತು ದಾಟಿ, ಆಫೀಸಿನಲ್ಲಿ ಯಾರಿಗೋ ಮೆಂಟರ್ ಆಗಿದ್ದೀವಿ. ರಿಲೀಸ್ ಕೆಟ್ಟ ದಿನ ಕ್ಲೈಂಟ್ ಕಾಲ್‌ನಲ್ಲಿ, ಹೊಸಬರು ಓನರ್‌ಶಿಪ್ ತಗೋಬೇಕು ಅನ್ನೋದು ಸುಲಭ, ಮತ್ತು ಬಹಳಷ್ಟು ಸಲ ಅದು ನಿಜವೂ ಹೌದು. ಆದ್ರೆ ಆ ಕೋಡನ್ನ ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವರ ಹೆಸರೂ ಅಲ್ಲೇ ಇರುತ್ತೆ. ಕಾಲ್‌ನಲ್ಲಿ ಮೊದಲು ಅದನ್ನ ಹೇಳಿ. ಹುಡುಗನಿಗೆ ಹೇಳಬೇಕಾದ್ದು ಏನಿದ್ರೂ ಕಾಲ್ ಮುಗಿದ ಮೇಲೆ, ಬಾಗಿಲು ಹಾಕಿಕೊಂಡು ಹೇಳಬಹುದು.